ಬೇವಿನ ಮರದ ಕಡೆಯ ಗೆರೆ

ಆ ಹೊಡೆತ ಬಿದ್ದಾಗ ನಾನು ನಿಂತಿದ್ದದ್ದು ಬೇವಿನ ಮರದ ಕಡೆಯ ಪೆನಾಲ್ಟಿ ಬಾಕ್ಸಿನ ಒಳಗೆ, ಪೆನಾಲ್ಟಿ ಚುಕ್ಕೆಯಿಂದ ಪಶ್ಚಿಮಕ್ಕೆ ಮೂರು ಹೆಜ್ಜೆ ದೂರದಲ್ಲಿ. ಭಾನುವಾರ, ಸಂಜೆ ಐದಕ್ಕೆ ಒಂದು ನಿಮಿಷ ಇತ್ತು, ಇಲ್ಲವೇ ಐದೇ ಆಗಿತ್ತು. ಇದಕ್ಕಿಂತ ಖಚಿತವಾಗಿ ಹೇಳಲಾರೆ. ನಾನು ಗಡಿಯಾರ ನೋಡಿದ್ದು ಅದಕ್ಕೆ ನಾಲ್ಕು ನಿಮಿಷ ಮೊದಲು, ಬಾವುಟ ಹಿಡಿದಾಗ. ಬಲಗೈಯಲ್ಲಿ ಆ ಬಾವುಟ ಇತ್ತು. ಎಡಗೈ ಖಾಲಿ ಇತ್ತು. ಖಾಲಿ ಇದ್ದ ಆ ಕೈಯಿಂದ ನಾನು ಏನನ್ನೂ ತಡೆಯಲಿಲ್ಲ. ಆದ್ದರಿಂದ ಅದನ್ನೂ ಬರೆದಿದ್ದೇನೆ.

ನಮ್ಮೂರು ಪಾಂಡವಪುರ ತಾಲ್ಲೂಕಿನದು. ಬೆಳಿಗ್ಗೆ, ಸಂಜೆ ಹಾಲಿನ ಡೇರಿಯಲ್ಲಿ ಟೆಸ್ಟರ್ ಕೆಲಸ ಮಾಡುತ್ತೇನೆ. ಮಿಕ್ಕ ಹೊತ್ತಿನಲ್ಲಿ ಊರಿನ ಫುಟ್‌ಬಾಲ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುತ್ತಿದ್ದೆ. ಗೋಲುಕಂಬ ನೆಡುವುದು, ಸುಣ್ಣದ ಗೆರೆ ಹಾಕುವುದು, ಪಂದ್ಯದ ದಿನ ಬಾವುಟ ಹಿಡಿದು ಗೆರೆಯ ಮೇಲೆ ಓಡುವುದು, ಇಷ್ಟು ನನ್ನ ಪಾಲಿನದು. ನಮ್ಮ ನಾಲ್ಕು ತಾಲ್ಲೂಕಿನ ಲೀಗಿನಲ್ಲಿ ಪ್ರತಿ ಪಂದ್ಯಕ್ಕೆ ಆಡುವ ಎರಡೂ ಕ್ಲಬ್ಬಿನವರು ಒಬ್ಬೊಬ್ಬ ಲೈನ್‌ಮನ್ನನ್ನು ಕೊಡುತ್ತಾರೆ. ರೆಫ್ರಿ ಮಾತ್ರ ಹೊರಗಿನವರು. ನಾಲ್ಕೂ ಕ್ಲಬ್ಬಿನವರು ತಕರಾರಿಲ್ಲದೆ ಒಪ್ಪುತ್ತಿದ್ದದ್ದು ಒಬ್ಬರನ್ನೇ. ಶ್ರೀರಂಗಪಟ್ಟಣದ ನಿವೃತ್ತ ಡ್ರಿಲ್ ಮೇಷ್ಟ್ರು. ಅರವತ್ತು ದಾಟಿತ್ತು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಓಡುತ್ತಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ.

ನಮ್ಮ ತಂಡದ ಕ್ಯಾಪ್ಟನ್ ನನ್ನ ಹೆಂಡತಿಯ ತಮ್ಮ. ಹಿಂದಿನ ಸಾಲಿನಲ್ಲಿ ಆಡುವವನು, ಎತ್ತರದ ಆಳು, ಮಾತು ಜಾಸ್ತಿ. ಸಿಟ್ಟು ಬಂದರೆ ಮಾತು ನಿಂತುಹೋಗುತ್ತಿತ್ತು.

ಸೀಸನ್ನಿನ ಕೊನೆಗೆ ನಮಗೆ ಎರಡು ಪಂದ್ಯ ಉಳಿದಿದ್ದವು. ಮೊದಲನೆಯದು ನಾಗಮಂಗಲದಲ್ಲಿ, ಅವರ ನೆಲದಲ್ಲಿ. ಅದನ್ನು ಆಟ ಎಂದು ಕರೆಯಲು ನನಗೆ ಮನಸ್ಸಿಲ್ಲ. ಇಪ್ಪತ್ತನೇ ನಿಮಿಷದಲ್ಲಿ ಅವರ ಹುಡುಗನೊಬ್ಬ ಮೊಣಕೈ ಬೀಸಿ ನಮ್ಮ ಕ್ಯಾಪ್ಟನ್ನನ ಹುಬ್ಬು ಸೀಳಿದ. ಹತ್ತು ನಿಮಿಷ ಕಳೆದ ಮೇಲೆ ಬಿದ್ದಿದ್ದ ಅವರ ಗೋಲ್‌ಕೀಪರನ ಪಕ್ಕೆಗೆ ನಮ್ಮವನೊಬ್ಬ ಬೂಟಿನಿಂದ ಒದ್ದ. ಚೆಂಡು ಆಗ ಅಲ್ಲಿರಲೇ ಇಲ್ಲ, ಅರ್ಧ ಮೈದಾನದಾಚೆ ಇತ್ತು. ಮೇಷ್ಟ್ರು ಎರಡು ಸಲ ಆಟ ನಿಲ್ಲಿಸಿ ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಹೊರಗೆ ಕಳಿಸಿದರು. ನಾವು ಒಂದು ಗೋಲಿನಿಂದ ಗೆದ್ದೆವು. ಊರು ಬಿಡುವಾಗ ಬಸ್ಸಿನ ಹಿಂದಿನ ಗಾಜಿಗೆ ಕಲ್ಲು ಬಿತ್ತು. ಕ್ಯಾಪ್ಟನ್ ಹುಬ್ಬಿಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ದಾರಿಯುದ್ದಕ್ಕೂ ನಗುತ್ತಿದ್ದ. ಮುಂದಿನ ಭಾನುವಾರ ನಮ್ಮ ಮೈದಾನದಲ್ಲಿ ಕೆ.ಆರ್.ಪೇಟೆಯವರ ಜೊತೆ ಕೊನೆಯ ಪಂದ್ಯ. ನಾವು ಗೆದ್ದರೆ ಶೀಲ್ಡು ನಮ್ಮದು. ಪಂದ್ಯ ಸಮ ಆದರೂ ಅವರದು. ಹನ್ನೊಂದು ವರ್ಷದಿಂದ ಆ ಶೀಲ್ಡು ನಮ್ಮೂರಿಗೆ ಬಂದಿರಲಿಲ್ಲ.

ಈಗ ಮೈದಾನದ ವಿಷಯ ಹೇಳಬೇಕು, ಏಕೆಂದರೆ ತಪ್ಪು ಅಲ್ಲಿಂದಲೇ ಶುರುವಾಯಿತು.

ನಮ್ಮದು ಊರೊಟ್ಟಿನ ಜಾಗ. ಸುಗ್ಗಿ ಬಂದರೆ ಅದೇ ನಮಗೆ ಕಣ. ರಾಗಿ, ಹುರುಳಿ ಒಕ್ಕುವವರೆಗೆ ನಾಲ್ಕೈದು ವಾರ ಅಲ್ಲಿ ಆಟ ಇರುವುದಿಲ್ಲ. ಟ್ರಾಕ್ಟರು ಓಡಾಡಬೇಕಾದ್ದರಿಂದ ಗೋಲಿನ ಕಬ್ಬಿಣದ ಪೈಪುಗಳನ್ನು ಕಿತ್ತು ಬೇವಿನ ಬುಡದಲ್ಲಿ ಒರಗಿಸಿಡುತ್ತೇವೆ. ಒಕ್ಕಣೆ ಮುಗಿದ ಮೇಲೆ ಅವೇ ಗುಂಡಿಗಳಲ್ಲಿ ಮತ್ತೆ ನೆಡುತ್ತೇವೆ. ಪೆನಾಲ್ಟಿ ಬಾಕ್ಸಿನ ಮೂಲೆಗಳಲ್ಲಿ ನಾನೇ ಆರು ವರ್ಷದ ಹಿಂದೆ ಕಬ್ಬಿಣದ ಗೂಟಗಳನ್ನು ನೆಲಮಟ್ಟಕ್ಕೆ ಹೊಡೆದು ಹೂತಿದ್ದೆ. ಪ್ರತಿ ಸಲ ಅಳೆಯುವ ಕೆಲಸ ಬೇಡ, ಮಣ್ಣು ಕೆದಕಿ ಗೂಟ ಹುಡುಕಿ, ಗೂಟದಿಂದ ಗೂಟಕ್ಕೆ ಹಗ್ಗ ಎಳೆದು, ತೂತು ಮಾಡಿದ ಡಬ್ಬಿಯಿಂದ ಸುಣ್ಣ ಉದುರಿಸಿದರೆ ಗೆರೆ ಸಿದ್ಧ. ಆರು ವರ್ಷ ಅದರಲ್ಲಿ ಒಂದು ಗೇಣಿನ ವ್ಯತ್ಯಾಸ ಬಂದಿರಲಿಲ್ಲ.

ಆ ಶನಿವಾರ ಕಂಬ ನೆಡಲು ಹೋದಾಗ ಬೇವಿನ ಮರದ ಕಡೆಯ ಎರಡು ಗುಂಡಿಗಳೂ ಕುಸಿದಿದ್ದವು. ಒಕ್ಕಣೆಗೆ ಬಂದ ಟ್ರಾಕ್ಟರಿನ ಚಕ್ರ ಅವುಗಳ ಬಾಯನ್ನು ಒಡೆದು ಹಾಕಿತ್ತು. ಅಲ್ಲಿ ಪೈಪು ನಿಲ್ಲುತ್ತಿರಲಿಲ್ಲ. ನಾನು ಹಾರೆ ತೆಗೆದುಕೊಂಡು ಹಿಂದಕ್ಕೆ, ಗಟ್ಟಿ ನೆಲದಲ್ಲಿ ಹೊಸ ಗುಂಡಿ ತೋಡಿದೆ. ಮೂರೂವರೆ ಅಡಿ ಹಿಂದಕ್ಕೆ. ಕಂಬ ನೆಟ್ಟು, ಕಲ್ಲು ತುಂಬಿ, ಹಾರೆಯಲ್ಲೇ ಗುದ್ದಿ ಬಿಗಿ ಮಾಡಿದೆ. ಅಷ್ಟರಲ್ಲಿ ಸಂಜೆ ಹಾಲಿನ ಹೊತ್ತಾಯಿತು. ಹಾರೆಯನ್ನು ಬೇವಿನ ಮರಕ್ಕೆ ಒರಗಿಸಿ ಡೇರಿಗೆ ಹೋದೆ.

ಭಾನುವಾರ ಬೆಳಿಗ್ಗೆ ಹಾಲು ಮುಗಿಸಿ ಎಂಟೂವರೆಗೆ ಗೆರೆ ಹಾಕಲು ಬಂದೆ. ಗೋಲಿನ ಗೆರೆಯನ್ನು ಹೊಸ ಕಂಬಗಳ ನೇರಕ್ಕೆ ಎಳೆದೆ. ಪೆನಾಲ್ಟಿ ಚುಕ್ಕೆಗೆ ಗೂಟ ಇರಲಿಲ್ಲ, ಅದನ್ನು ಗೋಲಿನಿಂದ ಹಗ್ಗ ಹಿಡಿದು ಅಳೆದೆ, ಅದು ಸರಿಯಾಗಿಯೇ ಇತ್ತು. ಬಾಕ್ಸಿನ ಮುಂದಿನ ಗೆರೆಗೆ ಮಾತ್ರ ಎಂದಿನಂತೆ ಮಣ್ಣು ಕೆದಕಿದೆ. ಗೂಟ ಸಿಕ್ಕಿತು, ಹಗ್ಗ ಕಟ್ಟಿದೆ, ಸುಣ್ಣ ಉದುರಿಸಿದೆ. ಗೋಲು ಮೂರೂವರೆ ಅಡಿ ಹಿಂದೆ ಹೋಗಿದೆ, ಮುಂದಿನ ಗೆರೆಯೂ ಅಷ್ಟೇ ಹಿಂದೆ ಹೋಗಬೇಕು ಎಂಬುದು ನನ್ನ ತಲೆಗೆ ಬರಲಿಲ್ಲ. ದಿನಕ್ಕೆ ಇನ್ನೂರು ಜನರ ಹಾಲನ್ನು ಅಳೆದು ನೋಡದೆ ಬರೆದುಕೊಳ್ಳದವನು ನಾನು. ಆ ದಿನ ಅಳೆಯಲಿಲ್ಲ. ಗೂಟ ನಾನೇ ಹೊಡೆದದ್ದು ಎಂಬ ನಂಬಿಕೆಯಿಂದ.

ನಮ್ಮ ಲೀಗಿನಲ್ಲಿ ಇನ್ನೊಂದು ಪದ್ಧತಿ ಇದೆ. ಆಟಕ್ಕೆ ಮುಂಚೆ ಇಬ್ಬರು ಕ್ಯಾಪ್ಟನ್ನರೂ ಜೊತೆಯಾಗಿ ಗೆರೆಯ ಸುತ್ತ ನಡೆಯುತ್ತಾರೆ. ಒಪ್ಪಿಗೆಯಾದರೆ ಹೆಬ್ಬೆರಳನ್ನು ಒದ್ದೆ ಸುಣ್ಣಕ್ಕೆ ಅದ್ದಿ ರೆಫ್ರಿಯ ಪುಸ್ತಕದ ನೀಲಿ ರಟ್ಟಿನ ಮೇಲೆ ಒತ್ತುತ್ತಾರೆ. ಆಮೇಲೆ ಗೆರೆಯ ಬಗ್ಗೆ ಯಾರೂ ಮಾತಾಡುವಂತಿಲ್ಲ. ಅಂದೂ ಇಬ್ಬರೂ ನಡೆದರು, ಇಬ್ಬರೂ ಒತ್ತಿದರು. ಬೆರಳು ಒರೆಸಿಕೊಳ್ಳುತ್ತಾ ನಮ್ಮ ಕ್ಯಾಪ್ಟನ್ ಕೆ.ಆರ್.ಪೇಟೆಯವನಿಗೆ ನನ್ನನ್ನು ತೋರಿಸಿ, "ಗೆರೆ ಆಕಿರದು ನಮ್ ಬಾವ. ಆಲ್ನಾಗೆ ನೀರ್ ಎಷ್ಟೈತೆ ಅಂತ ಕಣ್ಣಲ್ಲೇ ಯೋಳ್ಬುಡ್ತಾರೆ. ಕಣ್ಮುಚ್ಕಂಡ್ ಒತ್ಲಾ" ಅಂದ.

ಮೂರೂವರೆಗೆ ಆಟ ಶುರುವಾಯಿತು. ಅರ್ಧಕ್ಕೆ ನಲವತ್ತು ನಿಮಿಷ. ಮೈದಾನದ ಸುತ್ತ ನಾಲ್ಕುನೂರು ಜನ ಇದ್ದಿರಬಹುದು. ಕೆ.ಆರ್.ಪೇಟೆಯವರು ಎರಡು ಟ್ರಾಕ್ಟರು, ಒಂದು ಟೆಂಪೋದಲ್ಲಿ ಜನ ತಂದಿದ್ದರು. ನಾನು ಪಶ್ಚಿಮದ ಗೆರೆಯ ಮೇಲೆ, ಬೇವಿನ ಮರದ ಕಡೆಯ ಅರ್ಧಕ್ಕೆ. ಎದುರಿನ ಗೆರೆಯಲ್ಲಿ ಅವರ ಲೈನ್‌ಮನ್, ಬಸ್ ಕಂಡಕ್ಟರ್ ಕೆಲಸದವರು, ಸಮಾಧಾನದ ಮನುಷ್ಯ.

ಮೊದಲರ್ಧದಲ್ಲಿ ಬೇವಿನ ಕಡೆಯ ಗೋಲು ಅವರದು. ಹನ್ನೆರಡನೇ ನಿಮಿಷಕ್ಕೆ ನಮ್ಮವರು ಗೋಲು ಹೊಡೆದರು. ಅಲ್ಲಿಂದ ಕಾಲಿಗೆ ಕಾಲು, ಎದೆಗೆ ಮೊಣಕೈ. ಅವರ ಹುಡುಗನೊಬ್ಬನ ಬಾಯಿಂದ ಹಲ್ಲು ಬಿತ್ತು. ಅವನು ಅದನ್ನು ಹುಡುಕಿ ಜೇಬಿಗೆ ಹಾಕಿಕೊಂಡು ಆಡಿದ. ನಮ್ಮ ಕ್ಯಾಪ್ಟನ್ನನ ಹುಬ್ಬಿನ ಹೊಲಿಗೆ ಬಿಚ್ಚಿ ರಕ್ತ ಕಣ್ಣಿಗಿಳಿಯುತ್ತಿತ್ತು. ಗೆರೆಯ ಹತ್ತಿರ ಕೂತಿದ್ದ ನಮ್ಮೂರಿನವರೊಬ್ಬರು ಕಬ್ಬಿನ ಜಲ್ಲೆಯಿಂದ ಅವರ ಆಟಗಾರನ ಬೆನ್ನಿಗೆ ಬಾರಿಸಿದರು. ಮೇಷ್ಟ್ರು ಓಡಿಬಂದು ಆ ಜಲ್ಲೆಯನ್ನು ಕಿತ್ತು ಮುರಿದು ಎಸೆದು, ಆಟ ಮುಂದುವರಿಸಿದರು.

ಮೂವತ್ತನೇ ನಿಮಿಷದ ಸುಮಾರಿಗೆ ಅವರ ಗೋಲ್‌ಕೀಪರ್ ಚೆಂಡು ಹಿಡಿದು ಬಾಕ್ಸಿನ ಮುಂದಿನ ಗೆರೆಯತನಕ ಓಡಿ ಬಂದು ಒದ್ದ. ತಿರುಗಿ ಹೋಗುವಾಗ ನನ್ನ ಕಡೆ ನೋಡಿ, "ಏನ್ ಸ್ವಾಮಿ, ಪೆನಾಲ್ಟಿ ಬಾಕ್ಸ್ ಮಾಡೀರೋ, ರಾಗಿ ಕಣ ಮಾಡೀರೋ? ಎಷ್ಟ್ ಓಡುದ್ರೂ ಗೆರೆನೇ ಸಿಗಾಕಿಲ್ವಲ್ಲ" ಅಂದ.

ಅವನು ನಗೆಗೆ ಹೇಳಿದ್ದು. ನನಗೆ ಗೂಟ ನೆನಪಾಯಿತು, ಗುಂಡಿ ನೆನಪಾಯಿತು.

ಅರ್ಧ ವಿರಾಮಕ್ಕೆ ಸೀಟಿ ಬಿದ್ದ ಕೂಡಲೇ ಎರಡೂ ಕಡೆ ಹೆಜ್ಜೆ ಹಾಕಿ ನೋಡಿದೆ. ಆ ತುದಿಯಲ್ಲಿ ಗೋಲಿನಿಂದ ಮುಂದಿನ ಗೆರೆಗೆ ನನ್ನ ಹೆಜ್ಜೆಯಲ್ಲಿ ಹದಿನೆಂಟು. ಬೇವಿನ ಕಡೆ ಹತ್ತೊಂಬತ್ತು ಮುಗಿದು ಇನ್ನೂ ಸ್ವಲ್ಪ. ಮೇಷ್ಟ್ರು ಒಬ್ಬರೇ ಕಲ್ಲಿನ ಮೇಲೆ ಕೂತು ಮೊಣಕಾಲಿನ ಪಟ್ಟಿ ಬಿಗಿ ಮಾಡಿಕೊಳ್ಳುತ್ತಿದ್ದರು. ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಗುಂಡಿ, ಗೂಟ, ಮೂರೂವರೆ ಅಡಿ. ಅವರು ಬೈಯಲಿಲ್ಲ. ಪುಸ್ತಕದ ರಟ್ಟಿನ ಮೇಲಿದ್ದ ಎರಡು ಸುಣ್ಣದ ಬೆರಳಚ್ಚುಗಳನ್ನು ನೋಡಿದರು.

"ಈಗ ಅಳಿಸಿ ಬೇರೆ ಹಾಕಿದರೆ ಅವರಿಗೊಂದು ಗೆರೆ, ಇವರಿಗೊಂದು ಗೆರೆ ಮಾಡಿದ ಹಾಗಾಗತ್ತಪ್ಪ. ಇಬ್ಬರೂ ಒತ್ತಿದಾರೆ, ಇರೋ ಗೆರೇನೇ ಗೆರೆ. ಆದರೆ ಇಬ್ಬರಿಗೂ ಗೊತ್ತಿರಬೇಕು. ಆ ಹುಡುಗನಿಗೆ ನಾನು ಹೇಳ್ತೀನಿ. ನಿಮ್ಮವನಿಗೆ ನೀನು ಹೇಳು" ಅಂದರು. ನಾನು ಆಗಲಿ ಅಂದೆ. ಅವರು ಎದ್ದು ಕುಂಟುತ್ತಾ ಕೆ.ಆರ್.ಪೇಟೆಯವರ ಕಡೆ ಹೋಗಿ ಅವರ ಕ್ಯಾಪ್ಟನ್ನನ್ನು ಪಕ್ಕಕ್ಕೆ ಕರೆದದ್ದನ್ನು ನಾನು ಕಣ್ಣಾರೆ ನೋಡಿದೆ.

ನಾನೂ ನಮ್ಮವರ ಕಡೆ ಹೋದೆ. ಕ್ಯಾಪ್ಟನ್ ನೆಲದ ಮೇಲೆ ಕೂತಿದ್ದ, ಒಬ್ಬರು ಅವನ ಹುಬ್ಬಿಗೆ ಬಟ್ಟೆ ಒತ್ತಿ ಹಿಡಿದಿದ್ದರು. ಕ್ಲಬ್ಬಿನ ಅಧ್ಯಕ್ಷರು ಎದುರಿಗೆ ನಿಂತು ಏನೋ ಹೇಳುತ್ತಿದ್ದರು. ನನ್ನನ್ನು ಕಂಡು ಕ್ಯಾಪ್ಟನ್, "ಏನ್ ಬಾವ, ಕ್ಯಾನ್ ಆಲೆಲ್ಲ ಒಡ್ದೋದಂಗೆ ಮಕ ಮಾಡ್ಕಂಡಿದ್ದೀಯ" ಅಂದ.

"ನಿನ್ ತಾವ ಒಂದ್ ಮಾತ್ ಯೋಳ್ಬೇಕಿತ್ತು ಕಣಪ್ಪ."

"ಗೆದ್ಮೇಲೆ ಯೋಳು. ಈಗ ತಲೆ ಕೆಡುಸ್ಬ್ಯಾಡ."

ಸುತ್ತಲಿದ್ದವರು ನಕ್ಕರು. ಕೈ ಹಿಡಿದು ಎಬ್ಬಿಸಿ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಇನ್ನೂ ಆರು ನಿಮಿಷ ಇತ್ತು. ಕಣ್ಣಲ್ಲೇ ನೀರಳೆಯುವ ಬಾವ ಸುಣ್ಣದ ಗೆರೆ ಅಳೆಯದೆ ಹೋದ ಎಂಬುದನ್ನು ಅಧ್ಯಕ್ಷರ ಎದುರು, ಅಷ್ಟು ಜನರ ಎದುರು ಹೇಳಲು ನನಗೆ ನಾಚಿಕೆಯಾಯಿತು. ಕಾರಣ ಅಷ್ಟೇ, ಬೇರೆ ಇಲ್ಲ. ಬಾವುಟ ಎತ್ತಿಕೊಂಡು ಗೆರೆಗೆ ವಾಪಸ್ ಬಂದೆ.

ಎರಡನೇ ಅರ್ಧದಲ್ಲಿ ತಂಡಗಳು ಬದಿ ಬದಲಿಸಿದವು. ಬೇವಿನ ಕಡೆಯ ಗೋಲು ಈಗ ನಮ್ಮದು. ಒಂದು ಗೋಲಿನ ಮುನ್ನಡೆ ಹಾಗೇ ಇತ್ತು.

ಮೂವತ್ಮೂರನೇ ನಿಮಿಷದಲ್ಲಿ ಅವರ ಒಂಬತ್ತನೇ ನಂಬರಿನ ಆಟಗಾರ ನನ್ನ ಕಡೆಯಿಂದಲೇ ಚೆಂಡು ಹಿಡಿದು ಒಳಗೆ ನುಗ್ಗಿದ. ಸಣ್ಣ ಆಳು, ಬಹಳ ಚುರುಕು. ನಮ್ಮ ಕ್ಯಾಪ್ಟನ್ ಹಿಂದಿನಿಂದ ಅಟ್ಟಿಸಿಕೊಂಡು ಬಂದು ಜಾರಿ ಕಾಲು ಹಾಕಿದ. ಬೂಟು ಚೆಂಡಿಗೆ ತಾಗಲಿಲ್ಲ, ಹುಡುಗನ ಪಾದದ ಗಂಟಿಗೆ ಬಿತ್ತು. ಅವನು ಮುಖ ಅಡಿಯಾಗಿ ಬಿದ್ದ. ನಾನು ಬಾಕ್ಸಿನ ಗೆರೆಯ ನೇರಕ್ಕೇ ನಿಂತಿದ್ದೆ. ಕಾಲಿಗೆ ಕಾಲು ಬಡಿದ ಜಾಗ ಸುಣ್ಣದ ಗೆರೆಯಿಂದ ಎರಡು ಅಡಿ ಒಳಗಿತ್ತು. ಗೆರೆ ಇರಬೇಕಾದಲ್ಲಿ ಇದ್ದಿದ್ದರೆ ಅದೇ ಜಾಗ ಒಂದೂವರೆ ಅಡಿ ಹೊರಗಾಗುತ್ತಿತ್ತು.

ಮೇಷ್ಟ್ರು ದೂರದಲ್ಲಿದ್ದರು. ಸೀಟಿ ಊದಿ ನನ್ನ ಕಡೆ ನೋಡಿದರು. ಒಳಗಾಗಿದ್ದರೆ ಲೈನ್‌ಮನ್ ಬಾವುಟವನ್ನು ಎದೆಗೆ ಅಡ್ಡ ಹಿಡಿದು ನಿಲ್ಲಬೇಕು. ಕ್ಯಾಪ್ಟನ್ ನೆಲದಲ್ಲಿ ಕೂತೇ ನನ್ನತ್ತ ತಿರುಗಿ ಮೆಲ್ಲಗೆ, "ಬಾವ, ಈಚೆ ಅನ್ನು" ಅಂದ. ನಾನು ಗಡಿಯಾರ ನೋಡಿಕೊಂಡೆ. ನಾಲ್ಕು ಐವತ್ತೈದು. ಬಾವುಟವನ್ನು ಎದೆಗೆ ಅಡ್ಡ ಹಿಡಿದೆ.

ಅದೊಂದನ್ನು ನಾನು ಸರಿಯಾಗಿ ಮಾಡಿದೆ ಎಂದು ಈಗಲೂ ಅಂದುಕೊಂಡಿದ್ದೇನೆ.

ಮೇಷ್ಟ್ರು ಚುಕ್ಕೆಯ ಕಡೆ ಕೈ ತೋರಿಸಿದರು. ಪಶ್ಚಿಮದ ಕಡೆಯಿಂದ, ನನ್ನ ಬೆನ್ನ ಹಿಂದಿನಿಂದಲೇ ಜನ ಒಳಗೆ ನುಗ್ಗಿದರು, ಆ ನೂಕಿನಲ್ಲಿ ನಾನೂ ಬಾಕ್ಸಿನೊಳಕ್ಕೆ ಬಂದೆ. ಯಾರೋ ಮೂಲೆಯ ಬಾವುಟದ ಬಿದಿರು ಕಿತ್ತು ಮೇಷ್ಟ್ರ ಭುಜಕ್ಕೆ ಹೊಡೆದರು. ಇನ್ನೊಬ್ಬರು ಕೆನ್ನೆಗೆ ಗುದ್ದಿದರು. ಅವರು ಕೆಳಗೆ ಬಿದ್ದ ಮೇಲೆ ಹೊಟ್ಟೆಗೆ, ಬೆನ್ನಿಗೆ ಕಾಲುಗಳು ಬಿದ್ದವು. ನಾಲ್ಕು ಕಾಲುಗಳನ್ನು ನಾನು ಎಣಿಸಿದೆ. ಯಾರವು ಎಂದು ಗುರುತು ಹಿಡಿಯಲಾಗಲಿಲ್ಲ, ಒಂದರಲ್ಲಿ ಮಾತ್ರ ಹಸಿರು ಪಟ್ಟಿಯ ಚಪ್ಪಲಿ ಇತ್ತು. ಆಚೆ ಕಡೆಯಿಂದ ಕೆ.ಆರ್.ಪೇಟೆಯವರೂ ಕೈಗೆ ಸಿಕ್ಕಿದ್ದು ಹಿಡಿದು ಓಡಿಬರುತ್ತಿದ್ದರು. ಅವರ ಲೈನ್‌ಮನ್ ಮೇಷ್ಟ್ರ ಮೇಲೆ ಬಾಗಿ ಕೈ ಅಡ್ಡ ಹಿಡಿದರು. ಅದೇ ಬಿದಿರು ಅವರ ಮಣಿಕಟ್ಟನ್ನು ಮುರಿಯಿತು.

ಆಗ ನಮ್ಮ ಕ್ಯಾಪ್ಟನ್ ಬೇವಿನ ಮರದ ಹತ್ತಿರ ಓಡಿ, ನಾನು ಒರಗಿಸಿ ಬಿಟ್ಟುಹೋಗಿದ್ದ ಹಾರೆಯನ್ನು ಎತ್ತಿಕೊಂಡು ಬಂದ. ಇದನ್ನು ನೋಡಿದ ಬಹಳ ಜನ, ಅವನು ಹೊಡೆಯುವುದಕ್ಕೇ ತಂದದ್ದು ಎಂದು ಹೇಳಿದ್ದಾರೆ. ಹಾಗಲ್ಲ. ಅವನು ಆ ಹಾರೆಯನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಜನರನ್ನು ಹಿಂದಕ್ಕೆ ತಳ್ಳಿದ. ನಮ್ಮೂರಿನವರನ್ನೇ. "ಮೇಷ್ಟ್ರುನ್ ಮುಟ್ಟುದ್ರೆ ಕಾಲ್ ಮುರ್ದಾಕ್ಬುಡ್ತೀನಿ. ಇಂದಕ್ಕೋಗ್ರಲಾ" ಅಂದ. ಜನ ಹಿಂದೆ ಸರಿದರು. ಮೇಷ್ಟ್ರ ಸುತ್ತ ಹತ್ತು ಹೆಜ್ಜೆಯಷ್ಟು ಜಾಗ ತೆರವಾಯಿತು. ಅದರೊಳಗೆ ಉಳಿದವರು ಮೇಷ್ಟ್ರು, ಕ್ಯಾಪ್ಟನ್, ಮಣಿಕಟ್ಟು ಹಿಡಿದು ಕೂತಿದ್ದ ಅವರ ಲೈನ್‌ಮನ್, ಇನ್ನೂ ಏಳಲಾಗದೆ ಮಂಡಿಯೂರಿದ್ದ ಒಂಬತ್ತನೇ ನಂಬರಿನವನು, ಮತ್ತೆ ನಾನು.

ಮೇಷ್ಟ್ರು ಎದ್ದರು. ಬಾಯಿಯಿಂದ ರಕ್ತ ಬರುತ್ತಿತ್ತು. ಮಣ್ಣಾಗಿದ್ದ ಸೀಟಿಯನ್ನು ಅಂಗಿಗೆ ಒರೆಸಿಕೊಂಡರು. ಚೆಂಡನ್ನು ಹುಡುಕಿ ತಂದು ಚುಕ್ಕೆಯ ಮೇಲೆ ಇಟ್ಟರು. ಅವರು ಇನ್ನೂ ಆಟ ನಡೆಸುವ ಯೋಚನೆಯಲ್ಲಿದ್ದರು. ಬಾಗಿದವರು ಏಳುತ್ತಾ ನನ್ನನ್ನು ಕಂಡು ತಗ್ಗಿದ ದನಿಯಲ್ಲಿ ಕೇಳಿದರು:

"ನಿಮ್ಮವನಿಗೆ ನೀನು ಹೇಳಿದ್ದೆ ತಾನೆ?"

ನಾನು "ಹೂಂ ಸಾರ್" ಅಂದೆ.

ಅವರು ಕ್ಯಾಪ್ಟನ್ನನ ಕಡೆ ತಿರುಗಿದರು. ಮೇಷ್ಟ್ರುಗಳು ತಪ್ಪು ಮಾಡಿದ ಹುಡುಗನ ಜೊತೆ ಮಾತಾಡುವ ಹಾಗೆ, ಸಿಟ್ಟಿಲ್ಲದೆ, "ನಿನಗಿದು ಹೊಸದಲ್ಲವಲ್ಲಪ್ಪ. ಗೆರೆ ಮೂರಡಿ ಮುಂದಿದೆ ಅಂತ ಹಾಫ್‌ಟೈಮಿನಲ್ಲೇ ಗೊತ್ತಿತ್ತಲ್ಲ. ಗೊತ್ತಿದ್ದೂ ಅಲ್ಲಿ ಕಾಲು ಹಾಕಿದ್ಯಲ್ಲ" ಅಂದರು.

ಕ್ಯಾಪ್ಟನ್, "ಗೆರೆ ತಪ್ಪೈತಾ?" ಅಂದ.

"ತಪ್ಪಿದೆ. ಎಲ್ಲರಿಗೂ ಗೊತ್ತಿದೆ."

ಅವನು ನನ್ನ ಕಡೆ ನೋಡಿದ. "ಬಾವ?" ಅಂದ. ಅದೊಂದೇ ಮಾತು.

ನಾನು ಕೆಳಗೆ ನೋಡಿದೆ. ಬೂಟಿನ ಮೇಲೆ ಸುಣ್ಣ ಬಿದ್ದಿತ್ತು. ಹೇಳಲಿಲ್ಲ ಕಣಪ್ಪ, ತಪ್ಪು ನನ್ನದು ಎನ್ನಲು ಎಷ್ಟು ಹೊತ್ತು ಬೇಕಾಗುತ್ತಿತ್ತೋ ಆಮೇಲೆ ಎಷ್ಟೋ ಸಲ ಗಡಿಯಾರ ಹಿಡಿದು ನೋಡಿದ್ದೇನೆ. ಮೂರು ಸೆಕೆಂಡು ಸಾಕು. ಅಷ್ಟು ಸಮಯ ಇತ್ತು.

ತಲೆ ಎತ್ತಿದಾಗ ಹಾರೆ ಆಗಲೇ ಅವನ ಭುಜದ ಮೇಲಿತ್ತು. ಒಂದೇ ಹೊಡೆತ. ಮೇಷ್ಟ್ರ ಎಡಗಿವಿಯ ಮೇಲ್ಭಾಗಕ್ಕೆ ಬಿತ್ತು. ಒಣಗಿದ ಕೊಬ್ಬರಿ ಗಿಟುಕನ್ನು ಕಲ್ಲಿಗೆ ಹಾಕಿದಂಥ ಸದ್ದು. ಅವರು ಕೈ ಎತ್ತಲಿಲ್ಲ, ಕೂಗಲಿಲ್ಲ. ಮೊಣಕಾಲು ಮೊದಲು ಮಡಚಿತು, ಆಮೇಲೆ ಚೆಂಡಿನ ಪಕ್ಕಕ್ಕೆ ಒರಗಿದರು. ಕ್ಯಾಪ್ಟನ್ನನ ಮನಸ್ಸಿನಲ್ಲಿ ಆಗ ಏನಿತ್ತು, ನನಗೆ ಬೀಳಬೇಕಾದ ಹೊಡೆತ ಅವರಿಗೆ ಏಕೆ ಬಿತ್ತು ಎಂಬುದನ್ನು ನಾನು ಬರೆಯಲಾರೆ. ನೋಡಿದ್ದನ್ನಷ್ಟೇ ಬರೆದಿದ್ದೇನೆ.

ಹಾರೆ ಕೆಳಗೆ ಬಿತ್ತು. ಆಮೇಲೆ ಇಡೀ ಮೈದಾನವೇ ಹೊಡೆದಾಟ. ಟೆಂಪೋದ ಗಾಜುಗಳು ಹೋದವು. ಚುರುಮುರಿ, ಬೋಂಡ ಮಾರುತ್ತಿದ್ದ ಹೆಂಗಸಿನ ಗಾಡಿ ಮಗುಚಿತು, ಬಿಸಿ ಎಣ್ಣೆ ಒಬ್ಬರ ಕಾಲ ಮೇಲೆ ಚೆಲ್ಲಿತು. ನಾನು ಮತ್ತು ಕಂಡಕ್ಟರು ಗೋಲಿನ ಬಲೆ ಹರಿದು ಕೆಳಗಿಳಿಸಿದೆವು. ಅವರಿಗೆ ಒಂದೇ ಕೈ ಕೆಲಸ ಮಾಡುತ್ತಿತ್ತು. ಆ ಬಲೆಯ ಮೇಲೆ ಮೇಷ್ಟ್ರನ್ನು ಹೊರಳಿಸಿ, ಒಂಬತ್ತನೇ ನಂಬರಿನ ಹುಡುಗನೂ ಕುಂಟುತ್ತಾ ಒಂದು ತುದಿ ಹಿಡಿದು, ರಸ್ತೆಗೆ ಎತ್ತಿಕೊಂಡು ಹೋದೆವು. ಸಂಜೆಯ ಹಾಲಿನ ಗಾಡಿ ಆಗಷ್ಟೇ ಬಂದಿತ್ತು. ಕ್ಯಾನುಗಳನ್ನು ರಸ್ತೆಯ ಮೇಲೆ ಇಳಿಸಿ ಅವರನ್ನು ಮಲಗಿಸಿದೆವು. ಮೊದಲು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮೈಸೂರು. ಉಸಿರು ಇತ್ತು. ಪ್ರಜ್ಞೆ ಬರಲಿಲ್ಲ.

ಕ್ಯಾಪ್ಟನ್ನನ್ನು ಅದೇ ಸಂಜೆ ಪೊಲೀಸರು ಬೇವಿನ ಮರದ ಕೆಳಗೇ ಹಿಡಿದರು. ಅವನು ಓಡಿರಲಿಲ್ಲ.

ಮಾರನೆಯ ದಿನ ಹಾಲು ಮುಗಿದ ಮೇಲೆ ಅಧ್ಯಕ್ಷರು ಡೇರಿಗೆ ಬಂದರು, ಜೊತೆಯಲ್ಲಿ ಐದಾರು ಜನ. ಅವರು ಬೆಳಗ್ಗೆಯೇ ಟೇಪು ಹಿಡಿದು ಬಾಕ್ಸು ಅಳೆದಿದ್ದರು. ಮೇಷ್ಟ್ರು ಆ ಕಡೆಯವರ ಮನುಷ್ಯ, ಗೆರೆ ಸರಿಸಿ ಪೆನಾಲ್ಟಿ ಕೊಟ್ಟ, ಅದಕ್ಕೆ ಜನ ರೊಚ್ಚಿಗೆದ್ದರು ಎಂದು ಊರೆಲ್ಲ ಆಗಲೇ ಮಾತಾಗಿತ್ತು. ಅಧ್ಯಕ್ಷರು ನನ್ನ ಭುಜದ ಮೇಲೆ ಕೈ ಇಟ್ಟು, "ನೀನೇನೂ ಸುಳ್ಳು ಯೋಳ್ಬ್ಯಾಡ. ಗೆರೆ ಮೂರೂವರೆ ಅಡಿ ಮುಂದಕ್ಕೈತೆ, ಅದ್ ನಿಜ ತಾನೆ? ಅಷ್ಟ್ ಯೋಳು. ಯಾರ್ ಮಾಡುದ್ರೋ ನಂಗೊತ್ತಿಲ್ಲ ಅನ್ನು. ನಿನ್ ಬಾಮೈದನ್ ಬದುಕು ನಿನ್ ನಾಲ್ಗೆ ಮ್ಯಾಲೈತೆ" ಅಂದರು. ನಾನು ಯೋಚನೆ ಮಾಡುತ್ತೇನೆ ಅಂದೆ. ನಿಜವಾಗಿ ಯೋಚನೆ ಮಾಡಿದೆ ಕೂಡ. ಅವನಿಗೆ ಎರಡು ವರ್ಷದ ಮಗಳಿದ್ದಾಳೆ.

ಮಂಗಳವಾರ ಮೈಸೂರಿನ ಆಸ್ಪತ್ರೆಗೆ ಹೋದೆ. ಒಳಗೆ ಬಿಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಮೇಷ್ಟ್ರ ಮಗಳು ಕೂತಿದ್ದರು. ಮಡಿಲಲ್ಲಿ ತಂದೆಯ ಬೂಟುಗಳು, ಅವುಗಳೊಳಗೆ ಮಡಿಸಿಟ್ಟ ಮೊಣಕಾಲಿನ ಪಟ್ಟಿ. ನಾನು ಯಾರೆಂದು ಹೇಳಿದೆ. ಅವರು ಎದ್ದು ನಿಂತು ಕೇಳಿದರು: "ನೀವು ಅಲ್ಲೇ ಇದ್ರಂತೆ. ಅಪ್ಪ ಬೇಕಂತಲೇ ಸುಳ್ಳು ಪೆನಾಲ್ಟಿ ಕೊಟ್ಟರಂತಲ್ಲ, ನಮ್ಮ ಬೀದಿಯಲ್ಲೂ ಹಾಗೇ ಅಂತಾರೆ. ಹೌದಾ?"

ಇಲ್ಲ ಅಂದೆ. ಗುಂಡಿಯಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ನಾಚಿಕೆಪಟ್ಟು ಹೇಳದೆ ಹೋದದ್ದನ್ನು ಹೇಳಿದೆ. "ಹೂಂ" ಅಂದದ್ದನ್ನು ಹೇಳಿದೆ. ಆಕೆ ನನ್ನನ್ನು ಬೈಯಲಿಲ್ಲ. ಬೆಂಚಿನ ತುದಿಗೆ ಸರಿದು ಕೂತು ಮತ್ತೆ ನನ್ನ ಕಡೆ ನೋಡಲಿಲ್ಲ. ಅಲ್ಲಿಂದ ಬಸ್ಸು ಹತ್ತಿ ಸೀದಾ ಪೊಲೀಸ್ ಠಾಣೆಗೆ ಹೋದೆ.

ನನ್ನ ಹೇಳಿಕೆಯನ್ನು ಇನ್‌ಸ್ಪೆಕ್ಟರು ತಾವೇ ಕೂತು ಬರೆಸಿಕೊಂಡರು, ಎರಡೂವರೆ ಗಂಟೆ ಹಿಡಿಯಿತು. ಮಾರನೆಯ ದಿನ ಮೈದಾನಕ್ಕೆ ಕರೆದುಕೊಂಡು ಹೋಗಿ ಪಂಚರ ಎದುರು ಹಳೆಯ ಗುಂಡಿ, ಹೊಸ ಗುಂಡಿ, ಗೂಟ ಎಲ್ಲವನ್ನೂ ತೋರಿಸಲು ಹೇಳಿದರು. ಟೇಪು ಹಿಡಿದದ್ದು ನಾನೇ. ಗುಂಡಿಯಿಂದ ಗುಂಡಿಗೆ ಮೂರು ಅಡಿ ಆರು ಅಂಗುಲ. ಹಗ್ಗ, ಡಬ್ಬಿ, ಹಾರೆ, ಮೇಷ್ಟ್ರ ನೀಲಿ ರಟ್ಟಿನ ಪುಸ್ತಕ ಎಲ್ಲವನ್ನೂ ಚೀಲಗಳಿಗೆ ಹಾಕಿ ಅಂಟಿಸಿದರು. ರಟ್ಟಿನ ಮೇಲೆ ಎರಡು ಬೆರಳಚ್ಚು ಇನ್ನೂ ಇದ್ದವು. ಹೇಳಿಕೆಯ ಕೊನೆಗೆ ಬಂದಾಗ ಇನ್‌ಸ್ಪೆಕ್ಟರು ಪೆನ್ನು ನಿಲ್ಲಿಸಿ, "ಈ ಹೂಂ ಅಂದದ್ದು ಬರೀಲೇಬೇಕೇನ್ರಿ? ಹೊಡೆದವನು ಯಾರು ಅನ್ನೋದಕ್ಕೆ ಇದು ಬೇಕಾಗಿಲ್ಲ" ಎಂದು ಕೇಳಿದ್ದರು. ಬರೆಯಿರಿ ಸಾರ್ ಅಂದಿದ್ದೆ.

ಬುಧವಾರ ಮನೆಗೆ ಬಂದಾಗ ನನ್ನ ಹೆಂಡತಿಗೆ ಎಲ್ಲ ಗೊತ್ತಾಗಿತ್ತು. ಊಟಕ್ಕೆ ಬಡಿಸಿ ಎದುರಿಗೆ ಕೂತಳು. ನಾನು ತುತ್ತು ಎತ್ತಿದಾಗ, "ಒಡ್ದಿದ್ದು ನನ್ ತಮ್ಮ. ಒಡ್ಸಿದ್ದು ನೀವು" ಅಂದಳು. ನಾನು ಹೌದು ಅಂದೆ. ಅವಳು ಎದ್ದು ಹೋಗಲಿಲ್ಲ, ನಾನು ಉಂಡು ಮುಗಿಸುವವರೆಗೆ ಅಲ್ಲೇ ಕೂತಿದ್ದಳು.

ಹನ್ನೆರಡನೇ ದಿನ ಮೇಷ್ಟ್ರು ತೀರಿಕೊಂಡರು. ಅಷ್ಟರೊಳಗೆ ನನ್ನ ಹೇಳಿಕೆಯ ಸುದ್ದಿ ನಾಲ್ಕೂ ತಾಲ್ಲೂಕಿಗೆ ಹೋಗಿತ್ತು. ಶ್ರೀರಂಗಪಟ್ಟಣದಲ್ಲಿ ಅವರನ್ನು ಹೊತ್ತಾಗ ನಾಲ್ಕೂ ಕ್ಲಬ್ಬಿನ ಹುಡುಗರು ಬಂದಿದ್ದರು, ನಾಗಮಂಗಲದವರು ಕೂಡ. ಪಕ್ಷ ವಹಿಸಿದ ರೆಫ್ರಿ ಎಂದು ಅಲ್ಲಿ ಯಾರೂ ಅನ್ನಲಿಲ್ಲ. ನಾನು ರಸ್ತೆಯಾಚೆ ನಿಂತು ನೋಡಿ ವಾಪಸ್ ಬಂದೆ. ಶೀಲ್ಡನ್ನು ಆ ವರ್ಷ ಯಾರಿಗೂ ಕೊಡಲಿಲ್ಲ. ನಮ್ಮ ಮೈದಾನ ಈಗ ಬರೀ ಕಣ. ಬೇವಿನ ಕಡೆಯ ಕಂಬಗಳನ್ನು ನಾನೇ ಕಿತ್ತೆ, ಗೂಟಗಳನ್ನೂ ಅಗೆದು ತೆಗೆದೆ.

ನ್ಯಾಯಾಲಯದಲ್ಲಿ ವಿಚಾರಣೆ ಇನ್ನೂ ಮುಗಿದಿಲ್ಲ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಬಲ್ಲವರು ಇದ್ದಾರೆ. ಅಧ್ಯಕ್ಷರು ಇದ್ದಾರೆ, ಆ ಹೊತ್ತಿನಲ್ಲಿ ತಾವು ಬೇರೆ ಕಡೆ ನೋಡುತ್ತಿದ್ದುದಾಗಿ ಹೇಳಿದ್ದಾರೆ. ಚುರುಮುರಿ ಗಾಡಿಯ ಹೆಂಗಸು ಈಗ ಸಂತೆಬಾಚಹಳ್ಳಿಯ ಸಂತೆಯಲ್ಲಿ ಮಾರುತ್ತಾಳೆ. ಹಾರೆ ಅಡ್ಡ ಹಿಡಿದು ಜನರನ್ನು ಹಿಂದಕ್ಕೆ ತಳ್ಳಿದ್ದನ್ನು ಅವಳು ನೋಡಿದ್ದಾಳೆ. ಕೆ.ಆರ್.ಪೇಟೆಯ ಲೈನ್‌ಮನ್ ಇದ್ದಾರೆ. ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ, ಟಿಕೆಟ್ಟನ್ನು ಎಡಗೈಯಲ್ಲಿ ಹರಿಯುತ್ತಾರೆ. ನನ್ನ ಬಾಮೈದ ಜೈಲಿನಲ್ಲಿದ್ದಾನೆ. ಮೂರು ಸಲ ನೋಡಲು ಹೋದೆ, ಮೂರು ಸಲವೂ ಹೊರಗೆ ಬರಲು ಒಪ್ಪಲಿಲ್ಲ.

ಒಂಬತ್ತನೇ ನಂಬರಿನ ಹುಡುಗ ಕಿಕ್ಕೇರಿಯಲ್ಲಿದ್ದಾನೆ, ಕಾಲು ವಾಸಿಯಾಗಿದೆ. ಅವನು ನನ್ನಿಂದ ನಾಲ್ಕು ಅಡಿ ದೂರದಲ್ಲಿ ಮಂಡಿಯೂರಿದ್ದ. ಮೇಷ್ಟ್ರು ನನ್ನನ್ನು ಕೇಳಿದ್ದೇನು, ನಾನು ಅವರಿಗೆ ಹೇಳಿದ್ದೇನು, ಎರಡೂ ಅವನ ಕಿವಿಗೆ ಬಿದ್ದಿವೆ. ಅವನನ್ನು ಕೇಳಬಹುದು.